ಕೋಡ್ ತೋರಿಸುವುದು ಬೀದಿಯನ್ನು, ಮನೆಯನ್ನಲ್ಲ

ಹಳದಿ ದೀಪ ಹೊತ್ತಿತು, ಕಾರಿನ ಪಿಕಪ್ ಬಿದ್ದುಹೋಯಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಪರದೆಯನ್ನು ನನ್ನತ್ತ ತಿರುಗಿಸಿದರು. ‘ಪಿ 0546. ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ ಹೋಗಿದೆ ಸರ್, ಹೊಸದು ಹಾಕಬೇಕು.’ ಹಾಕಿಸಿದೆ. ನಾಲ್ಕನೇ ದಿನ ಅದೇ ದೀಪ, ಅದೇ ಕೋಡ್.

ಎಡವಿದ್ದು ಕೋಡ್ ಓದಿದ ರೀತಿಯಲ್ಲಿ. ಪಿ 0546 ಎಂದರೆ ಸೆನ್ಸರ್ ಸತ್ತಿದೆ ಎಂದಲ್ಲ; ಮೊದಲ ಸೆನ್ಸರಿನ ಸರ್ಕ್ಯೂಟಿನಲ್ಲಿ ಸಿಗ್ನಲ್ ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದು. ಕಡಿಮೆಯಾದರೆ 0545. ಆ ಸರ್ಕ್ಯೂಟಿನಲ್ಲಿ ಸೆನ್ಸರೂ ಇದೆ, ಕನೆಕ್ಟರೂ ಇದೆ, ಕಂಪ್ಯೂಟರಿನ ತನಕ ಹೋಗುವ ವೈರೂ ಇದೆ. ಬೀದಿ ಗೊತ್ತಾಯಿತು, ಮನೆ ಹುಡುಕಬೇಕು.

ಬೆರಳುದ್ದದ ಈ ಸೆನ್ಸರಿಗೆ ಇಷ್ಟು ಮಹತ್ವ ಯಾಕೆ? 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಹಾಕಬೇಕು. ಶಾಖ ಏರಿಸಲು ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಒಳಗೆಷ್ಟು ಶಾಖವಿದೆ ಎಂದು ಹೇಳುವವರೇ ಇಲ್ಲದಿದ್ದರೆ ಅದು ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಅಳತೆ ಮೀರಿದರೆ ಫಿಲ್ಟರ್ ಸೀಳಬಹುದು, ಕರಗಲೂಬಹುದು. ಹೀಗೆ ಸುಡುವ ಕೆಲಸ ನಿಂತು ಮಸಿ ಕಟ್ಟಿಕೊಳ್ಳುತ್ತದೆ. ಮನೆಯಿಂದ ಆಫೀಸಿಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಈ ಕಾಟ ಬೇಗ.

ಎರಡನೇ ಸಲ ಹೋದದ್ದು ಬೇರೆ ಮೆಕ್ಯಾನಿಕ್ ಹತ್ತಿರ. ‘ಗಾಡಿ ರಾತ್ರಿ ಇಲ್ಲೇ ಇರಲಿ, ತಣ್ಣಗಾದ ಮೇಲೆ ನೋಡ್ತೀನಿ’ ಎಂದರು. ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದರು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಲ್ಲ ಸೆನ್ಸರುಗಳೂ ಹೊರಗಿನ ಗಾಳಿಯ ಉಷ್ಣತೆಯನ್ನೇ ಹೇಳಬೇಕು. ಒಂದು ಮಾತ್ರ 150 ಎಂದರೆ ಅದನ್ನೇ ಹಿಡಿಯಬೇಕು. ಖರ್ಚಿಲ್ಲದ ಪರೀಕ್ಷೆ ಇದು, ಆದರೂ ಮಾಡುವವರು ಕಡಿಮೆ. ನನ್ನ ಕಾರಿನ ಮೂರೂ ಸೆನ್ಸರುಗಳು ಹೆಚ್ಚುಕಡಿಮೆ ಒಂದೇ ಅಂಕಿ ಹೇಳಿದವು.

ಆಮೇಲೆ ಅವರು ಇಂಜಿನ್ ಶುರು ಮಾಡಿ, ಪರದೆ ಮೇಲೆ ಕಣ್ಣಿಟ್ಟು, ಒಂದು ಕೈಯಲ್ಲಿ ವೈರಿಂಗ್ ಅಲುಗಾಡಿಸುತ್ತ ಹೋದರು. ಒಂದು ತಿರುವಿನಲ್ಲಿ ಮೊದಲ ಸೆನ್ಸರಿನ ಅಂಕಿ ನೇರ ಆಕಾಶಕ್ಕೆ ಹಾರಿತು. ಪ್ಲಾಟಿನಂ ಸೆನ್ಸರಿನ ಗುಣವೇ ಹಾಗೆ: ಶಾಖ ಏರಿದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ. ವೈರು ತುಂಡಾದರೆ ರೆಸಿಸ್ಟೆನ್ಸಿಗೆ ಮಿತಿಯೇ ಇಲ್ಲ, ಕಂಪ್ಯೂಟರಿಗೆ ಅದು ಬೆಂಕಿ ಬಿದ್ದಂತೆ ಕಾಣುತ್ತದೆ. ಇನ್ನೊಂದು ಬಗೆಯ ಸೆನ್ಸರಿನಲ್ಲಿ ಎಲ್ಲ ತಿರುವುಮುರುವು. ವೈರು ತುಂಡಾದರೆ ಮಂಜುಗಡ್ಡೆಯಷ್ಟು ತಣ್ಣಗೆ ಎನ್ನುತ್ತದೆ. ಯಾವ ಬಗೆ ಎಂದು ತಿಳಿಯದೆ ಮಲ್ಟಿಮೀಟರ್ ಹಿಡಿದು ಪ್ರಯೋಜನವಿಲ್ಲ. ಕೆಲವು ಗಾಡಿಗಳಲ್ಲಿ ದೋಷ ಕಂಡೊಡನೆ ಕಂಪ್ಯೂಟರ್ ತನ್ನದೇ ಒಂದು ಅಂಕಿ ಹಾಕಿಕೊಂಡು ಅದನ್ನೇ ತೋರಿಸುತ್ತದೆ, ಅದನ್ನು ನಂಬಿದರೆ ಕೆಟ್ಟಿರಿ.

ಟೇಪ್ ಬಿಚ್ಚಿದಾಗ ಇಲಿ ಕಡಿದ ಗುರುತು. ಎರಡು ಎಳೆಯಲ್ಲಿ ನೇತಾಡುತ್ತಿದ್ದ ವೈರು ಗುಂಡಿ ಸಿಕ್ಕಾಗಲೆಲ್ಲ ಬಿಟ್ಟು ಸೇರಿಕೊಳ್ಳುತ್ತಿತ್ತು. ಬೆಸುಗೆ ಹಾಕಿ ಸ್ಲೀವ್ ಏರಿಸಿದರು. ಕಟ್ಟಿದ್ದ ಮಸಿಯನ್ನು ಸ್ಕ್ಯಾನರಿನಿಂದಲೇ ಸುಡಿಸಿದರು. ಇಂಜಿನ್ ಆಯಿಲ್ ಕಡ್ಡಿಯನ್ನೂ ಎಳೆದು ನೋಡಿದರು, ಏಕೆಂದರೆ ಸುಡಲು ಮತ್ತೆ ಮತ್ತೆ ಯತ್ನಿಸಿದ ಇಂಜಿನ್ನಿನಲ್ಲಿ ಡೀಸೆಲ್ ಆಯಿಲಿಗೆ ಇಳಿದು ಮಟ್ಟ ಏರಿರಬಹುದು.

ನಿಜವಾಗಿ ಸಾಯುವ ಸೆನ್ಸರುಗಳೂ ಇವೆ. ಶಾಖ, ನಡುಕ ತಿಂದು ತುದಿ ಬಿರುಕು ಬಿಡುತ್ತದೆ. ಬದಲಿಸುವಾಗ ತುಕ್ಕು ಹಿಡಿದ ನಟ್ಟಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕಾಯಬೇಕು, ಬಲ ಹಾಕಿದರೆ ಕೊಳವೆಯ ಮರೆಯೇ ಹೋಗುತ್ತದೆ.

ಬಿಚ್ಚಿ ಕೊಟ್ಟ ನನ್ನ ಹಳೆಯ ಸೆನ್ಸರ್ ಮನೆಯ ಶೆಲ್ಫಿನಲ್ಲಿದೆ. ಆ ಬಗೆಗೆ ಸೊನ್ನೆ ಡಿಗ್ರಿಯಲ್ಲಿ 200 ಓಮ್ ಇರಬೇಕು, 27 ಡಿಗ್ರಿಯಲ್ಲಿ ಸುಮಾರು 220. ಮೊನ್ನೆ ಮೀಟರ್ ಹಚ್ಚಿ ನೋಡಿದೆ: 220.