ಹಿಂದಿನ ಆಸನದಲ್ಲಿ ಕುಳಿತವರ ಲೆಕ್ಕ

ರಸ್ತೆಯಲ್ಲಿ ಕಾರೊಂದು ಅಪಘಾತಕ್ಕೀಡಾದಾಗ ನಾವು ಮೊದಲು ಕೇಳುವುದು ಗಾಡಿಯನ್ನು ನಡೆಸುತ್ತಿದ್ದವರು ಯಾರು, ತಪ್ಪು ಯಾರದು ಎಂದು. ಒಳಗೆ ಸುಮ್ಮನೆ ಕುಳಿತಿದ್ದವರು ಎಲ್ಲಿ ಕುಳಿತಿದ್ದರು, ಅವರ ಗತಿ ಏನಾಯಿತು ಎಂದು ಕೇಳುವವರು ವಿರಳ. ಆದರೆ ಆಸ್ಪತ್ರೆಯ ದಾಖಲೆಗಳ ಲೋಕದಲ್ಲಿ ಪ್ರಯಾಣಿಕನಿಗೂ ಒಂದು ಗೊತ್ತಾದ ಸ್ಥಾನವಿದೆ. ಹೊರನೋಟಕ್ಕೆ ಶುಷ್ಕವಾಗಿ ತೋರುವ ಆ ಅಂಕಿಗಳ ವಿಷಯವನ್ನು ವಾಚಕರ ಮುಂದಿಡಲು ಕಾರಣವಿದೆ. ರಜೆ ಬಂದೊಡನೆ ಪನವೇಲನ್ನು ದಾಟಿ ರಾಷ್ಟ್ರೀಯ ಹೆದ್ದಾರಿ ೬೬ರಲ್ಲಿ ಕಾರವಾರ, ಕುಂದಾಪುರ, ಉಡುಪಿಗಳ ಕಡೆಗೆ ಹೊರಡುವ ನಮ್ಮವರಲ್ಲಿ ಹೆಂಗಸರು, ಮಕ್ಕಳು, ವೃದ್ಧರು ಸಾಮಾನ್ಯವಾಗಿ ಹಿಂದಿನ ಆಸನದವರೇ.

ಮರಣದ ಕಾರಣಗಳನ್ನು ಎಲ್ಲ ದೇಶಗಳೂ ಒಂದೇ ಬಗೆಯಲ್ಲಿ ಪಟ್ಟಿ ಮಾಡಬೇಕೆಂಬ ಯೋಜನೆಯನ್ನು ಫ್ರಾನ್ಸಿನ ಜಾಕ್ ಬರ್ಟಿಯೋಂ ಎಂಬವರು ೧೮೯೩ರಲ್ಲಿ ಮುಂದಿಟ್ಟರು. ೧೯೪೮ರಿಂದ ಆ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆ ವಹಿಸಿಕೊಂಡಿತು. ೧೯೯೦ರಲ್ಲಿ ಅಂಗೀಕೃತವಾದ ಅದರ ಹತ್ತನೆಯ ಪರಿಷ್ಕರಣದಲ್ಲಿ, ಕಾರಿನೊಳಗಿದ್ದು ಗಾಯಗೊಂಡವರಿಗಾಗಿ 'ವಿ ೪೦'ರಿಂದ 'ವಿ ೪೯'ರ ವರೆಗಿನ ಸಂಕೇತಗಳನ್ನು ಮೀಸಲಿರಿಸಿದ್ದಾರೆ. ಕಾರು ಇನ್ನೊಂದು ಕಾರಿಗೆ ಬಡಿದರೆ ೪೩, ಲಾರಿ ಅಥವಾ ಬಸ್ಸಿಗೆ ಬಡಿದರೆ ೪೪, ರೈಲಿಗಾದರೆ ೪೫, ಕಂಬ ಗೋಡೆಗಳಂಥ ಸ್ಥಿರ ವಸ್ತುವಿಗಾದರೆ ೪೭. ಇದರ ಮುಂದೆ ಬಿಂದುವಿಟ್ಟು ಬರೆಯುವ ಒಂದು ಅಂಕಿಯು ಗಾಯಾಳು ಯಾರೆಂಬುದನ್ನು ತಿಳಿಸುತ್ತದೆ. ಸಾರ್ವಜನಿಕ ರಸ್ತೆಯಲ್ಲಾದರೆ ಚಾಲಕನಿಗೆ ೫, ಪ್ರಯಾಣಿಕನಿಗೆ ೬. ವಸತಿ ಸಂಘದ ಅಂಗಳದಂಥ ಜಾಗದಲ್ಲಾದರೆ ಅಂಕಿಗಳು ಬೇರೆ. ಗಾಡಿಯನ್ನು ಹತ್ತುವಾಗ ಇಳಿಯುವಾಗ ಪೆಟ್ಟಾದರೆ ೪. ಬಾಂದ್ರಾ, ಶೀವ್‌ಗಳಾಚೆಗಿನ ಉಪನಗರಗಳಲ್ಲಿ ಓಡುವ ಆಟೋರಿಕ್ಷಾದವರಿಗೆ, ಬೈಸಿಕಲ್ಲಿನವರಿಗೆ, ಪಾದಚಾರಿಗಳಿಗೆ ಪ್ರತ್ಯೇಕ ಗುಂಪುಗಳುಂಟು.

ಒಂದು ಪ್ರಸಿದ್ಧ ದುರಂತವನ್ನೇ ನೋಡೋಣ. ೨೦೨೨ನೆಯ ಇಸವಿ ಸೆಪ್ಟೆಂಬರ್ ೪ರಂದು, ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷರಾದ ಸೈರಸ್ ಮಿಸ್ತ್ರಿಯವರು ಮುಂಬಯಿಗೆ ಮರಳುತ್ತಿದ್ದಾಗ, ಪಾಲಘರ್ ಜಿಲ್ಲೆಯ ಚಾರೋಟಿಯ ಬಳಿ ಸೂರ್ಯಾ ನದಿಯ ಸೇತುವೆಯ ತಡೆಗೋಡೆಗೆ ಕಾರು ಅಪ್ಪಳಿಸಿತು. ಮುಂದಿನ ಆಸನಗಳ ಇಬ್ಬರು ಗಾಯಗೊಂಡರೂ ಬದುಕಿದರು. ಹಿಂದೆ ಕುಳಿತಿದ್ದ ಮಿಸ್ತ್ರಿಯವರೂ ಅವರ ಜೊತೆಯಲ್ಲಿದ್ದವರೂ ತೀರಿಕೊಂಡರು. ಹಿಂದಿನವರು ಆಸನಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಸ್ಥಿರ ವಸ್ತು, ಸಾರ್ವಜನಿಕ ರಸ್ತೆ, ಪ್ರಯಾಣಿಕ ಎಂಬ ಮೂರು ಸಂಗತಿಗಳನ್ನು ಕೂಡಿಸಿದರೆ ಇಂಥ ಮರಣಕ್ಕೆ ಸಲ್ಲುವ ವರ್ಗ 'ವಿ ೪೭.೬'. ಆ ಘಟನೆಯ ಬಳಿಕ ಅದೇ ವರ್ಷದ ನವೆಂಬರ್ ೧ರಿಂದ ಮುಂಬಯಿಯ ಸಂಚಾರಿ ಪೊಲೀಸರು ಕಾರಿನ ಎಲ್ಲ ಪ್ರಯಾಣಿಕರೂ ಪಟ್ಟಿ ಕಟ್ಟಬೇಕೆಂದು ಆದೇಶವಿತ್ತರು. ತಪ್ಪಿದವರಿಗೆ ಮೋಟಾರು ವಾಹನ ಕಾಯಿದೆಯಂತೆ ದಂಡ ೧,೦೦೦ ರೂಪಾಯಿ.

ಈ ಸಂಕೇತಗಳನ್ನು ಬಳಸುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಬದುಕಿರುವ ರೋಗಿಯ ದಾಖಲೆಯಲ್ಲಿ ಮುಖ್ಯವಾದುದು ಗಾಯದ ಸ್ವರೂಪ. ತೊಡೆಯ ಮೂಳೆ ಮುರಿದಿದ್ದರೆ 'ಎಸ್ ೭೨', ತಲೆಯೊಳಗೆ ಪೆಟ್ಟಾಗಿದ್ದರೆ 'ಎಸ್ ೦೬'. ಅದು ಹೇಗಾಯಿತೆಂಬುದನ್ನು 'ವಿ' ಸಂಕೇತವು ಜೊತೆಗೆ ನಿಂತು ಹೇಳುತ್ತದೆ. ಮರಣ ಸಂಭವಿಸಿದರೆ ಈ ಕ್ರಮವು ತಿರುವುಮುರುವಾಗಿ, ಅಪಘಾತವೇ ಮೂಲಕಾರಣವೆಂದು ಲೆಕ್ಕಕ್ಕೆ ಸೇರುತ್ತದೆ. ನಮ್ಮ ದೇಶದಲ್ಲಿ ೧೯೬೯ರ ಜನನ ಮರಣ ನೋಂದಣಿ ಕಾಯಿದೆಯಂತೆ ವೈದ್ಯರು ಕೊಡುವ ಮರಣಕಾರಣದ ಪ್ರಮಾಣಪತ್ರವೇ ಈ ಲೆಕ್ಕಕ್ಕೆ ಆಧಾರ.

ಆಧಾರವು ಸಡಿಲವಾದರೆ ಲೆಕ್ಕವೂ ಸಡಿಲವೇ. ತುರ್ತು ವಿಭಾಗದ ಗದ್ದಲದಲ್ಲಿ 'ರಸ್ತೆ ಅಪಘಾತ' ಎಂಬ ಎರಡೇ ಪದಗಳನ್ನು ಗೀಚಿದರೆ, ಸಂಕೇತ ಬರೆಯುವವನು ಏನು ಮಾಡಿಯಾನು? ಯಾವ ವಾಹನ, ಯಾವುದಕ್ಕೆ ಡಿಕ್ಕಿ, ಚಾಲಕನೋ ಪ್ರಯಾಣಿಕನೋ ಎಂಬುದಾವುದೂ ತಿಳಿಯದೆ ಅವನು 'ನಿರ್ದಿಷ್ಟವಲ್ಲದ' ವರ್ಗಕ್ಕೆ ಆ ಜೀವವನ್ನು ತಳ್ಳಬೇಕಾಗುತ್ತದೆ. ಅಷ್ಟೇ ಅಲ್ಲ, ಪ್ರಯಾಣಿಕನು ಮುಂದಿದ್ದನೋ ಹಿಂದಿದ್ದನೋ, ಪಟ್ಟಿ ಕಟ್ಟಿದ್ದನೋ ಇಲ್ಲವೋ ಎಂಬುದನ್ನು 'ವಿ ೪೭.೬' ಎಂಬ ಸಂಕೇತವೂ ಹೇಳಲಾರದು. ಅದನ್ನು ಹೇಳಬಲ್ಲುದು ವೈದ್ಯರ ಟಿಪ್ಪಣಿಯ ಒಂದು ಸಾಲು ಮಾತ್ರ. ೨೦೨೨ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣದಲ್ಲಿ ಮೂಲ ಸಂಕೇತಕ್ಕೆ ಹೆಚ್ಚಿನ ವಿವರಗಳನ್ನು ಜೋಡಿಸುವ ವ್ಯವಸ್ಥೆಯುಂಟು. ಆದರೆ ಕೇಳದ ಪ್ರಶ್ನೆಗೆ ಯಾವ ಪರಿಷ್ಕರಣವೂ ಉತ್ತರ ಕೊಡದು.

೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಸಮೀಪದ ಆನಗೋಡಿನಲ್ಲಿ, ಈ ಮುಂಬಯಿಯ ರಂಗಭೂಮಿಯಲ್ಲೇ ಬೆಳೆದ ಶಂಕರನಾಗರನ್ನು ಕಾರು ಅಪಘಾತದಲ್ಲಿ ಕಳೆದುಕೊಂಡುದನ್ನು ಕನ್ನಡಿಗರು ಇನ್ನೂ ಮರೆತಿಲ್ಲ. ಹೆಸರಾಂತವರನ್ನು ನೆನಪು ಕಾಪಾಡುತ್ತದೆ. ಹೆಸರಿಲ್ಲದವರನ್ನು ಕಾಪಾಡಬೇಕಾದುದು ದಾಖಲೆ. ಹಿಂದಿನ ಆಸನದಲ್ಲಿ ಎಷ್ಟು ಮಂದಿ ಸತ್ತರೆಂದು ತಿಳಿಯದಿದ್ದರೆ, ಅಲ್ಲಿ ಪಟ್ಟಿ ಏಕೆ ಬೇಕೆಂದು ಜನರನ್ನು ಒಪ್ಪಿಸುವುದಾದರೂ ಹೇಗೆ?

ಆದುದರಿಂದ ನಮ್ಮ ಬಂಧುಗಳಲ್ಲಿ ಒಂದು ಬಿನ್ನಹ. ಅಂಥ ದುರ್ದಿನ ಯಾರಿಗೂ ಬಾರದಿರಲಿ. ಬಂದುದೇ ಆದರೆ, ರೋಗಿಯ ಜೊತೆಗೆ ಹೋದವರು ವೈದ್ಯರಿಗೆ ನಾಲ್ಕು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಬೇಕು: ಗಾಡಿ ಯಾವುದು, ಬಡಿದದ್ದು ಯಾವುದಕ್ಕೆ, ರೋಗಿ ಕುಳಿತಿದ್ದುದು ಎಲ್ಲಿ, ಪಟ್ಟಿ ಕಟ್ಟಿತ್ತೆ. ಪಟ್ಟಿ ಇರಲಿಲ್ಲವೆನ್ನಲು ಸಂಕೋಚ ಬೇಡ. ಏಟು ಎಲ್ಲಿ ಬಿದ್ದಿರಬಹುದೆಂದು ಊಹಿಸಲು ಅದು ವೈದ್ಯರಿಗೆ ನೆರವಾಗುತ್ತದೆ. ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಗಿ ಬಂದಾಗಲೂ, ಮೊದಲ ದಿನದ ಆಸ್ಪತ್ರೆಯ ಕಾಗದಕ್ಕೆ ಬೆಲೆಯುಂಟು. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮೀರದಂತೆ, ಹಣ ತೆರದೆ ಚಿಕಿತ್ಸೆ ದೊರೆಯಬೇಕೆಂಬುದೂ ತಿಳಿದಿರಲಿ.

ಕಾರು ಥಟ್ಟನೆ ನಿಂತರೂ ಪಟ್ಟಿ ಕಟ್ಟದವನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಧಾವಿಸುತ್ತದೆ. ಮುಂದೆ ಕುಳಿತ ತನ್ನವರ ಮೇಲೆಯೇ ಬಂದೆರಗುತ್ತದೆ. ಈ ಬಾರಿ ಊರಿಗೆ ಹೊರಡುವಾಗ ಗಂಟುಮೂಟೆಗಳನ್ನು ಎಣಿಸಿದ ಬಳಿಕ, ಹಿಂದಿನ ಆಸನದ ಪಟ್ಟಿಗಳನ್ನೂ ಒಮ್ಮೆ ಎಣಿಸಿ ನೋಡೋಣ. ಯಾವ ಸಂಕೇತದ ಅಗತ್ಯವೂ ಬೀಳದೆ ಮನೆ ಸೇರುವುದೇ ಎಲ್ಲಕ್ಕಿಂತ ಒಳ್ಳೆಯ ಲೆಕ್ಕ.