ಹೆಬ್ಬಾಳದ ಮೂವತ್ತು ಎಕರೆ: ರಾಗಿ, ರಾಸು ಮತ್ತು ರೈತರ ನಂಟು

ಮುಂಬಯಿಯಿಂದ ವಿಮಾನದಲ್ಲಿ ಹೋಗಿ ದೇವನಹಳ್ಳಿಯಲ್ಲಿ ಇಳಿಯುವ ಕನ್ನಡಿಗರು ಬೆಂಗಳೂರು ನಗರ ಸೇರಲು ಸಾಮಾನ್ಯವಾಗಿ ಬಳ್ಳಾರಿ ರಸ್ತೆಯನ್ನೇ ಹಿಡಿಯುತ್ತಾರೆ. ಯಲಹಂಕ ದಾಟಿ ಮುಂದೆ ಬಂದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ದ್ವಾರ ಸಿಗುತ್ತದೆ. ಬಸ್ಸಿನವರ ಬಾಯಲ್ಲಿ ಅದು ಬರೇ ಜಿ.ಕೆ.ವಿ.ಕೆ. ಇನ್ನೂ ಮುಂದೆ, ಹೆಬ್ಬಾಳದ ಮೇಲ್ಸೇತುವೆ ಕಳೆದ ಮೇಲೆ ಪಶುವೈದ್ಯಕೀಯ ಕಾಲೇಜು. ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಗಡಿಯಾರ ನೋಡುತ್ತಿರುವ ಪ್ರಯಾಣಿಕರಿಗೆ ಈ ಎರಡು ದ್ವಾರಗಳು ಕಣ್ಣಿಗೆ ಬೀಳುವುದು ಅಪರೂಪ.

ಆದರೆ ಹೊರನಾಡ ಕನ್ನಡಿಗರ ಮನೆಗೂ ಈ ದ್ವಾರಗಳಿಗೂ ನಂಟಿದೆ. ಮುಂಬಯಿಯ ಅಂಗಡಿಯಲ್ಲಿ ‘ನಾಚಣಿ’ ಎಂದು ಕೇಳಿ ತರುವ ರಾಗಿ, ಊರಿನ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಹೊಡೆಯುವ ಮೈಲುತುತ್ತಿನ ಮದ್ದು, ಊರ ಮನೆಯ ಅಂಗಳದಲ್ಲಿ ಓಡಾಡುವ ಗಿರಿರಾಜ ಕೋಳಿ. ಈ ಮೂರರ ಚರಿತ್ರೆಯನ್ನು ಕೆದಕುತ್ತಾ ಹೋದರೆ ಕೊನೆಗೆ ತಲುಪುವುದು ಹೆಬ್ಬಾಳಕ್ಕೇ. ಒಂದು ಕಾಲೇಜಿನ ಬೆಲೆಯನ್ನು ಅದರ ಕಟ್ಟಡದಿಂದ ಅಳೆಯಬೇಕೇ ಅಥವಾ ಅದು ರೈತನ ಹೊಲಕ್ಕೆ, ಹಟ್ಟಿಗೆ ಏನು ಕಳುಹಿಸಿತು ಎಂಬುದರಿಂದ ಅಳೆಯಬೇಕೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ.

ಮಹಾರಾಣಿಯವರು ಕೊಟ್ಟ ಜಾಗ

1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತ್ತು. ಮಳೆ ಕೈಕೊಟ್ಟರೆ ಹೊಟ್ಟೆಗೆ ಹಿಟ್ಟಿಲ್ಲ ಎಂಬ ಸ್ಥಿತಿ ಆಳುವವರ ನೆನಪಿನಲ್ಲೂ ಉಳಿದಿತ್ತು. 1899ರಲ್ಲಿ, ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಬೇಸಾಯದ ಪ್ರಯೋಗಗಳಿಗೆಂದು ಕೊಟ್ಟರು. ಡಾ. ಲೇಮನ್ ಎಂಬ ವಿಜ್ಞಾನಿಯ ಕೈಕೆಳಗೆ ಕೆಲಸ ಶುರುವಾಯಿತು. ಇಂದಿನ ಕೃಷಿ ವಿಶ್ವವಿದ್ಯಾಲಯದ ಬೇರು ಈ ಮೂವತ್ತು ಎಕರೆಯಲ್ಲಿದೆ.

1913ರಲ್ಲಿ ಅಲ್ಲಿ ಕೃಷಿ ಶಾಲೆ ತೆರೆಯಿತು. 1946ರಲ್ಲಿ ಅದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜಾಯಿತು. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಡಾ. ಕೆ.ಸಿ. ನಾಯಕ್ ಅವರು ಮೊದಲ ಕುಲಪತಿಗಳಾದರು. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವೂ ಇತ್ತು. ಪಾಠ, ಸಂಶೋಧನೆ, ಹಳ್ಳಿಗೆ ಹೋಗಿ ತಿಳಿಸುವುದು, ಈ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಆಗಿನ ಚಿಂತನೆ. 1969ರ ಜುಲೈಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಜಿ.ಕೆ.ವಿ.ಕೆ. ಆವರಣಕ್ಕೆ ಶಂಕುಸ್ಥಾಪನೆ ಮಾಡಿದರು. ಕೃಷಿ ಕಾಲೇಜು ಅತ್ತ ಹೋಯಿತು, ಪಶುವೈದ್ಯಕೀಯ ಕಾಲೇಜು ಹೆಬ್ಬಾಳದಲ್ಲೇ ಉಳಿಯಿತು. ಮುಂದೆ 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಪ್ರತ್ಯೇಕವಾಯಿತು. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅದರ ಆಡಳಿತಕ್ಕೆ ಸೇರಿತು. ಅಣ್ಣತಮ್ಮಂದಿರು ಪಾಲಾದರೂ ಮೂಲಮನೆ ಒಂದೇ ಎಂಬಂತೆ!

ಅಡಿಕೆ ಗೊನೆಗೆ ಸಿಕ್ಕ ಮದ್ದು

ಕೃಷಿ ಶಾಲೆ ತೆರೆದ ಕಾಲದಲ್ಲಿ ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದವರು ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವರು ಸಂಸ್ಥಾನದ ಸೇವೆಯಲ್ಲಿದ್ದರು. ಆಗ ಮಲೆನಾಡಿನ ತೋಟಿಗರ ದೊಡ್ಡ ಶತ್ರು ಕೊಳೆರೋಗ. ಮಳೆ ಹಿಡಿದ ಮೇಲೆ ಎಳೆ ಅಡಿಕೆ ಕೊಳೆತು ಗೊನೆಗೊನೆಯೇ ಉದುರಿದರೆ ಆ ವರ್ಷ ಸಾಲವೇ ಗತಿ. ಮರ ಹತ್ತಿ ಪ್ರತಿ ಗೊನೆಗೂ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ನೋಡಿಕೊಳ್ಳುವುದೊಂದೇ ಹಿರಿಯರಿಗೆ ತಿಳಿದ ಉಪಾಯವಾಗಿತ್ತು.

ಈ ರೋಗಕ್ಕೆ ಕಾರಣ ಯಾವುದೋ ಶಾಪವಲ್ಲ, ಒಂದು ಶಿಲೀಂಧ್ರ ಎಂದು ಕೋಲ್ಮನ್ ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಸುತ್ತಿದ್ದ ಬೋರ್ಡೊ ದ್ರಾವಣವನ್ನು, ಅಂದರೆ ಮೈಲುತುತ್ತು ಮತ್ತು ಸುಣ್ಣದ ತಿಳಿಯನ್ನು ಅಡಿಕೆ ಗೊನೆಗೆ ಸಿಂಪಡಿಸಿ ತೋರಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದು ತೋಟದ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಆಟಿ ತಿಂಗಳಲ್ಲಿ ಊರಿಗೆ ಹೋದವರು ಮದ್ದು ಹೊಡೆದು ಬಂದವರ ಅಂಗಿಯ ಮೇಲಿನ ನೀಲಿ ಕಲೆಯನ್ನು ಕಂಡೇ ಇರುತ್ತಾರೆ. ನೂರು ವರ್ಷ ದಾಟಿದ ಮೇಲೂ ಈ ಮದ್ದನ್ನು ತೋಟಿಗರು ಕೈಬಿಟ್ಟಿಲ್ಲ.

ರಾಗಿ ಲಕ್ಷ್ಮಣಯ್ಯ

ಕನ್ನಂಬಾಡಿ ಕಾಲುವೆಯ ನೀರು ಮಂಡ್ಯ ಸೀಮೆಗೆ ಬಂದಾಗ ಅಲ್ಲಿ ವಿಶ್ವೇಶ್ವರಯ್ಯ ಕಾಲುವೆ ಫಾರಂ ಎಂಬ ಸಂಶೋಧನಾ ಕ್ಷೇತ್ರ ಹುಟ್ಟಿತು. ಜನರು ಕರೆಯುವುದು ವಿ.ಸಿ. ಫಾರಂ. ಮುಂದೆ ಕೃಷಿ ವಿಶ್ವವಿದ್ಯಾಲಯದ ಭಾಗವಾದ ಈ ಫಾರಂನಲ್ಲಿ ತಮ್ಮ ಆಯುಷ್ಯವನ್ನೇ ರಾಗಿಗೆ ಕೊಟ್ಟವರು ಲಕ್ಷ್ಮಣಯ್ಯನವರು. ಹೆಸರಿನ ಹಿಂದೆ ರಾಗಿ ಸೇರಿಸದೆ ಅವರನ್ನು ಯಾರೂ ಕರೆಯುವುದಿಲ್ಲ.

ಅವರು ಕೈಗೆತ್ತಿಕೊಂಡ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ತಿಳಿಯಬೇಕಾದರೆ ರಾಗಿಯ ಹೂವನ್ನು ತಿಳಿಯಬೇಕು. ಎರಡು ತಳಿಗಳನ್ನು ಕೂಡಿಸಬೇಕಾದರೆ ಒಂದರ ಪರಾಗ ಇನ್ನೊಂದರ ಹೂವಿಗೆ ಸೇರಬೇಕು. ಆದರೆ ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಅದರೊಳಗೇ ಗಂಡೂ ಹೆಣ್ಣೂ ಇದ್ದು, ಹೂ ಬಿರಿಯುವ ಹೊತ್ತಿಗೆ ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಬಿಡುತ್ತದೆ. ಬಿರಿಯುವುದೂ ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ. ಪರಾಗಕ್ಕೆ ಜೀವವಿರುವುದು ಕೆಲವೇ ನಿಮಿಷ. ಹೀಗಾಗಿ ಬತ್ತ, ಜೋಳದಂತೆ ರಾಗಿಯನ್ನು ಸುಲಭವಾಗಿ ಸಂಕರ ಮಾಡಲಾಗದು.

ಸಂಶೋಧಕರು ಕಂಡುಕೊಂಡ ಒಂದು ದಾರಿ ಹೀಗಿದೆ. ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟುತ್ತಾರೆ. ನೂರಾರು ಕಾಳುಗಳಲ್ಲಿ ಎಲ್ಲೋ ಕೆಲವು ಮಾತ್ರ ನಿಜವಾದ ಸಂಕರ ಆಗುತ್ತವೆ. ಅವು ಯಾವುವೆಂದು ತಿಳಿಯಲು ಗಂಡು ತಳಿಯಾಗಿ ನೇರಳೆ ಬಣ್ಣದ ಗಿಡವನ್ನೂ ಹೆಣ್ಣು ತಳಿಯಾಗಿ ಹಸಿರು ಗಿಡವನ್ನೂ ಆರಿಸುತ್ತಾರೆ. ಮುಂದಿನ ಹಂಗಾಮಿನಲ್ಲಿ ಆ ಕಾಳುಗಳನ್ನೆಲ್ಲ ಬಿತ್ತಿ, ಹಸಿರು ಪೈರಿನ ನಡುವೆ ನೇರಳೆ ಬಣ್ಣದ ಒಂದೊಂದು ಗಿಡವನ್ನು ಹುಡುಕಬೇಕು. ಹಾಗೆ ಸಿಕ್ಕ ಗಿಡದ ಸಂತಾನವನ್ನು ಮತ್ತೆ ಹಂಗಾಮಿನಿಂದ ಹಂಗಾಮಿಗೆ ಬೆಳೆಸಿ, ಗುಣ ನಿಂತ ಮೇಲೆಯೇ ಅದು ತಳಿ ಎನಿಸಿಕೊಳ್ಳುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ದೀರ್ಘಾವಧಿ ಠೇವಣಿ. ನಡುವೆ ತೆಗೆಯುವ ಹಾಗಿಲ್ಲ, ಬಡ್ಡಿಯ ಭರವಸೆಯೂ ಇಲ್ಲ!

ಲಕ್ಷ್ಮಣಯ್ಯನವರು ಮೊದಲು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಆಮೇಲೆ ಅವರ ದೃಷ್ಟಿ ಆಫ್ರಿಕದತ್ತ ಹರಿಯಿತು. ರಾಗಿಯ ತವರು ಆಫ್ರಿಕ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದ ಧಾನ್ಯ ನಮ್ಮ ನೆಲಕ್ಕೆ ಹೊಂದಿಕೊಂಡಿತ್ತು. ಆಫ್ರಿಕದ ರಾಗಿ ಗಟ್ಟಿಮುಟ್ಟು, ತೆನೆ ದಪ್ಪ, ಆದರೆ ಕೊಯ್ಲಿಗೆ ಬರುವುದು ತಡ. ನಮ್ಮ ರಾಗಿ ಬೇಗ ಬರುತ್ತದೆ, ಚೆನ್ನಾಗಿ ತೆಂಡೆ ಒಡೆಯುತ್ತದೆ. ಎರಡನ್ನೂ ಕೂಡಿಸಿದ ಅವರ ತಳಿಗಳಿಗೆ ಬಂದ ಹೆಸರು ‘ಇಂಡಾಫ್’. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಸಂಖ್ಯೆ ಹಾಕಿಕೊಂಡು ಒಂದರ ಹಿಂದೆ ಒಂದು ಬಂದ ಇಂಡಾಫ್ ತಳಿಗಳು ಮಳೆಯಾಶ್ರಿತ ಹೊಲಗಳ ಇಳುವರಿಯನ್ನೇ ಬದಲಿಸಿದವು. ರಾಗಿಯ ಹುಲ್ಲೂ ರೈತನಿಗೆ ಮುಖ್ಯ. ಕಾಳು ಎಷ್ಟೇ ಬಂದರೂ ಹುಲ್ಲು ದನ ತಿನ್ನದಿದ್ದರೆ ಆ ತಳಿಯನ್ನು ಹಳ್ಳಿ ಒಪ್ಪುವುದಿಲ್ಲ. ಹೊಲವನ್ನೂ ಹಟ್ಟಿಯನ್ನೂ ಬೇರೆ ಮಾಡಿ ನೋಡುವ ಹಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಬೆಂಕಿರೋಗ ರಾಗಿಗೆ ದೊಡ್ಡ ತಲೆನೋವಾಗಿತ್ತು. ತೆನೆಯ ಕತ್ತು ಕಪ್ಪಾಗಿ ಕಾಳು ಜೊಳ್ಳಾಗುವ ಈ ರೋಗವನ್ನು ತಡೆದುಕೊಳ್ಳುವ ಜಿ.ಪಿ.ಯು.-28 ಎಂಬ ತಳಿಯನ್ನು ಬೆಂಗಳೂರಿನ ಸಂಶೋಧಕರು ಸಿದ್ಧಪಡಿಸಿದರು. ಅದು ರೈತರ ಕೈ ಸೇರಿದ್ದು 1990ರ ದಶಕದ ಕೊನೆಯ ಭಾಗದಲ್ಲಿ. ಅದರ ವಂಶಾವಳಿ ತೆಗೆದು ನೋಡಿದರೆ ಅಲ್ಲಿ ಇಂಡಾಫ್-5 ಇದೆ, ಇಂಡಾಫ್-9 ಇದೆ. ರಾಗಿ ಬೆಳೆಯುವ ರೈತರು ಬಹುವಾಗಿ ಮೆಚ್ಚಿದ ತಳಿಯಿದು. ಬಿತ್ತನೆ ಚೀಲದ ಮೇಲೆ ಇರುವುದು ಮೂರು ಅಕ್ಷರ, ಎರಡು ಅಂಕಿ ಮಾತ್ರ. ಲಕ್ಷ್ಮಣಯ್ಯನವರ ಹೆಸರಿಲ್ಲ. ಆದರೆ ಚೀಲದೊಳಗಿನ ಕಾಳಿನಲ್ಲಿ ಅವರ ದುಡಿಮೆ ಇದೆ.

ದೊಡ್ಡರೋಗ ಹೋದ ದಾರಿ

ಹೊಲದ ಕಥೆ ಹೀಗಾದರೆ ಹಟ್ಟಿಯ ಕಥೆ ಇನ್ನೂ ಕಠಿಣ. ದೊಡ್ಡರೋಗ ಎಂದರೆ ಹಿಂದಿನವರಿಗೆ ನಡುಕ. ಒಂದು ಹಸುವಿಗೆ ಬಂದರೆ ಊರಿನ ಹಟ್ಟಿಗಳೆಲ್ಲ ಬರಿದಾಗುತ್ತಿದ್ದವು. ಎತ್ತು ಸತ್ತರೆ ಉಳುಮೆ ನಿಲ್ಲುತ್ತಿತ್ತು, ಉಳುಮೆ ನಿಂತರೆ ಮನೆ ನಿಲ್ಲುತ್ತಿತ್ತು. 1920ರ ದಶಕದಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಶುರುವಾದದ್ದೇ ಈ ರೋಗಕ್ಕೆ ಪ್ರತಿಮದ್ದು ತಯಾರಿಸಲು. ಇಂದು ಅದು ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಾಗಿ ಬೆಳೆದಿದೆ.

1954ರಲ್ಲಿ ದೇಶಾದ್ಯಂತ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಹೆಬ್ಬಾಳದ ಕಾಲೇಜಿನಿಂದ ಹೊರಬಂದ ಪಶುವೈದ್ಯರು ಹಳ್ಳಿಹಳ್ಳಿಗೆ ಲಸಿಕೆ ಹೊತ್ತು ಹೋದವರ ಸಾಲಿನಲ್ಲಿದ್ದರು. ಭಾರತದಲ್ಲಿ ಕೊನೆಯ ಬಾರಿಗೆ ಈ ರೋಗ ಕಂಡದ್ದು 1995ರಲ್ಲಿ. 2006ರಲ್ಲಿ ದೇಶ ರೋಗಮುಕ್ತವೆಂದು ಮಾನ್ಯತೆ ಪಡೆಯಿತು, 2011ರಲ್ಲಿ ಇಡೀ ಜಗತ್ತಿನಿಂದಲೇ ರೋಗ ತೊಲಗಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಓಡಿಸಿದ ಎರಡನೇ ರೋಗವಿದು. ಇಂದಿನ ಮಕ್ಕಳಿಗೆ ದೊಡ್ಡರೋಗದ ಹೆಸರೇ ಗೊತ್ತಿಲ್ಲ. ಆ ಪಶುವೈದ್ಯರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ?

ಅಂಗಳದ ಕೋಳಿ, ಸೊಗಡಿನ ಅವರೆ

ಹೆಬ್ಬಾಳದ ಕುಕ್ಕುಟ ವಿಜ್ಞಾನ ವಿಭಾಗದ ಕೊಡುಗೆ ಗಿರಿರಾಜ. ಫಾರಂ ಕೋಳಿಗೆ ಬೇಕಾದ ಗೂಡು, ಖರ್ಚಿನ ಆಹಾರ ಇದಕ್ಕೆ ಬೇಡ. ಅಂಗಳದಲ್ಲಿ ಕೆದಕಿ ತಿಂದು ಬೆಳೆಯುತ್ತದೆ. ಮೈಬಣ್ಣ ಊರ ಕೋಳಿಯಂತೆಯೇ, ತೂಕವೂ ಮೊಟ್ಟೆಯೂ ಅದಕ್ಕಿಂತ ಹೆಚ್ಚು. ಕಾವಿಗೆ ಕೂರುವ ಗುಣ ಕಡಿಮೆ ಎಂಬ ಒಂದು ಕೊರತೆ ಇದೆ. ಮನೆ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಓಡಾಡುವಂತೆ ಮಾಡಿದ ಕೋಳಿ ಇದು. 2005ರಲ್ಲಿ ಇದರ ತಂಗಿಯಂತೆ ಸ್ವರ್ಣಧಾರ ಬಂತು.

ಅವರೆಕಾಯಿಯದು ಇನ್ನೊಂದು ಕಥೆ. ಹಗಲು ಕಿರಿದಾಗುವ ಚಳಿಗಾಲದಲ್ಲಿ ಮಾತ್ರ ಹೂಬಿಡುವುದು ನಾಟಿ ಅವರೆಯ ಸ್ವಭಾವ. ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುವ ‘ಹೆಬ್ಬಾಳ ಅವರೆ-3’ ಎಂಬ ತಳಿಯನ್ನು ವಿಶ್ವವಿದ್ಯಾಲಯ ಕೊಟ್ಟಿತು. ಆದರೆ ಕೊಳ್ಳುವವರು ಮೊದಲು ಕಾಯಿಯನ್ನು ಮೂಸಿ ನೋಡುತ್ತಾರೆ. ಸೊಗಡಿಲ್ಲದ ಅವರೆ ಯಾರಿಗೂ ಬೇಡ. ಅದಕ್ಕೆ ಮಾಗಡಿಯ ನಾಟಿ ಅವರೆಯನ್ನು ಕೂಡಿಸಿ ‘ಹೆಬ್ಬಾಳ ಅವರೆ-4’ ಮಾಡಿದರು. ವಿಜ್ಞಾನಿ ಮಾಡಿದ ತಳಿಗೆ ಕೊನೆಯ ಅಂಕ ಕೊಡುವವಳು ಮಾರುಕಟ್ಟೆಗೆ ಬಂದ ಗೃಹಿಣಿ!

ಮುಂದಿನ ಹಾದಿ

ವಿಶ್ವಸಂಸ್ಥೆ ಭಾರತದ ಪ್ರಸ್ತಾವದಂತೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿಗೆ ಪಟ್ಟಣಗಳಲ್ಲಿ ಮರ್ಯಾದೆ ಬಂದಿದೆ. ದೇಶದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕರ್ನಾಟಕದ್ದು. ಆದರೆ ಚಿಂತೆಯ ವಿಷಯಗಳೂ ಇವೆ. ಒಂದು ಕಾಲಕ್ಕೆ ಊರ ಹೊರಗಿದ್ದ ಹೆಬ್ಬಾಳ ಇಂದು ನಗರದ ಹೊಟ್ಟೆಯೊಳಗಿದೆ. ಕೃಷಿ ಪದವಿ ಪಡೆದ ಎಷ್ಟೋ ಜಾಣ ಹುಡುಗರು ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿಗಳಾಗಿ, ಸರಕಾರಿ ಕಚೇರಿಗಳಲ್ಲಿ ಸಾಹೇಬರಾಗಿ ನೆಲೆ ನಿಲ್ಲುತ್ತಾರೆ. ಅದು ತಪ್ಪಲ್ಲ, ಹೊಟ್ಟೆಪಾಡು. ಆದರೆ ಬೆಳಗಿನ ಜಾವ ಎದ್ದು ರಾಗಿ ಹೂವನ್ನು ಕಾಯುವವರು ಮುಂದೆಯೂ ಬೇಕಲ್ಲ?

ಕೃಷಿಕರ ಮಕ್ಕಳಿಗೆ ಕರ್ನಾಟಕದಲ್ಲಿ ಮೀಸಲು ಸೀಟುಗಳಿವೆ. ಹೊರನಾಡಿನಲ್ಲಿ ಓದಿದ ಕನ್ನಡಿಗರ ಮಕ್ಕಳಿಗೂ ದಾರಿ ಮುಚ್ಚಿಲ್ಲ. ಕೃಷಿ ಪದವಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ, ಪಶುವೈದ್ಯಕೀಯಕ್ಕೆ ನೀಟ್ ಮೂಲಕ ಅಖಿಲ ಭಾರತ ಕೋಟಾದ ಸೀಟುಗಳು ಇವೆ. ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ಓದೇ ಇಲ್ಲ ಎಂದುಕೊಂಡಿರುವ ತಂದೆತಾಯಂದಿರು ಇದನ್ನೂ ಗಮನಿಸಬಹುದು.

ಜಿ.ಕೆ.ವಿ.ಕೆ.ಯಲ್ಲಿ ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಕೃಷಿ ಮೇಳ ನಡೆಯುತ್ತದೆ. ಆ ದಿನಗಳಲ್ಲಿ ರೈತರು ಬಸ್ಸುಗಳಲ್ಲಿ ಬಂದಿಳಿದು, ಹೊಸ ತಳಿಯ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ಎಣಿಸಿ ನೋಡುತ್ತಾರೆ. ಬೆಂಗಳೂರಿನ ಕಡೆ ಹೋಗುವವರು ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳೊಂದಿಗೆ ಈ ಮೇಳ ನೋಡಿ ಬರಬೇಕು. ಊರಿನಲ್ಲಿ ತುಂಡು ಜಮೀನಾದರೂ ಉಳಿದಿರುವವರು ಬರುವಾಗ ಒಂದು ಚೀಲ ಬಿತ್ತನೆ ಬೀಜವನ್ನೂ ಕೊಂಡುಕೊಂಡರೆ ಮಹಾರಾಣಿಯವರು ಕೊಟ್ಟ ಮೂವತ್ತು ಎಕರೆ ಇನ್ನೊಂದು ಹೊಲವನ್ನು ತಲುಪಿದಂತಾಗುತ್ತದೆ.