ಸಂಗೀತದಲ್ಲಿ ಪದವಿ: ಮಕ್ಕಳು ಕೇಳಿದಾಗ ನಾವೇನು ಹೇಳೋಣ?

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಸಂಘದ ಕಾರ್ಯಾಲಯಕ್ಕೆ ಬರುವ ಪಾಲಕರು ನಮ್ಮಲ್ಲಿ ಹಲವು ಬಗೆಯ ಪ್ರಶ್ನೆಗಳನ್ನು ಕೇಳುವುದುಂಟು. ಅವುಗಳಲ್ಲಿ ಒಂದನ್ನು ಮಾತ್ರ ಅವರು ತುಸು ಸಂಕೋಚದಿಂದ, ದನಿ ತಗ್ಗಿಸಿ ಕೇಳುತ್ತಾರೆ: "ಮಗಳು ಸಂಗೀತದಲ್ಲೇ ಪದವಿ ಮಾಡುತ್ತೇನೆ ಎನ್ನುತ್ತಿದ್ದಾಳೆ, ಏನು ಹೇಳುವುದು?" ರಾಜ್ಯೋತ್ಸವದ ವೇದಿಕೆಯಲ್ಲಿ, ಪುರಂದರದಾಸರ ಆರಾಧನೆಯಲ್ಲಿ ಅದೇ ಹುಡುಗಿ ಹಾಡಿದಾಗ ಕರತಾಡನ ಮಾಡಿದವರು ನಾವೇ. ಅದೇ ವಿದ್ಯೆಯನ್ನು ಬಾಳಿನ ದಾರಿಯಾಗಿಸಿಕೊಳ್ಳುತ್ತೇನೆ ಎಂದಾಗ ಹುಬ್ಬು ಗಂಟಿಕ್ಕುವವರೂ ನಾವೇ.

ಈ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಊರು ಬಿಟ್ಟು ಬಂದು, ಬಾಡಿಗೆ ಮನೆಯಿಂದ ಸ್ವಂತ ಮನೆಯವರೆಗೆ ಕಷ್ಟಪಟ್ಟು ನಡೆದ ಹೊರನಾಡ ಕುಟುಂಬಗಳಿಗೆ ಮಕ್ಕಳ ಭದ್ರತೆಯ ಚಿಂತೆ ಸಹಜವಾದುದೇ. ಆದರೆ ತಿಳಿಯದೆ ಬೇಡವೆನ್ನುವುದೂ ತಿಳಿಯದೆ ಒಪ್ಪಿಬಿಡುವುದೂ ಮಗುವಿಗೆ ಮಾಡುವ ಅನ್ಯಾಯವೇ ಸರಿ. ಆದುದರಿಂದ ಸಂಗೀತದ ಪದವಿಯು ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಗುರುಮನೆಯಿಂದ ತರಗತಿಗೆ

ಸಂಗೀತವನ್ನು ತರಗತಿಯಲ್ಲಿ ಕೂರಿಸಿ ಕಲಿಸಬಹುದೇ ಎಂಬ ವಾದ ಇಂದಿನದಲ್ಲ. ಮೈಸೂರು ಆಸ್ಥಾನದಲ್ಲಿಯೂ ಮನ್ನಣೆ ಪಡೆದಿದ್ದ ಉಸ್ತಾದ್ ಮೌಲಾಬಕ್ಷರು 1886ರಲ್ಲಿ ಸಯಾಜಿರಾವ್ ಗಾಯಕವಾಡ ಮಹಾರಾಜರ ಆಶ್ರಯದಲ್ಲಿ ಬರೋಡೆಯಲ್ಲಿ ಸಂಗೀತಶಾಲೆಯನ್ನು ಆರಂಭಿಸಿದರು. 1901ರಲ್ಲಿ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. 1926ರಲ್ಲಿ ಲಖನೌ ನಗರದಲ್ಲಿ ಸಂಗೀತ ಮಹಾವಿದ್ಯಾಲಯವೊಂದು ಸ್ಥಾಪನೆಯಾಗಲು ಕಾರಣರಾದ ವಿಷ್ಣು ನಾರಾಯಣ ಭಾತಖಂಡೆಯವರು ಮುಂಬಯಿಯಲ್ಲಿ ಓದಿ, 1887ರಲ್ಲಿ ಕಾನೂನು ಪದವಿ ಪಡೆದು, ವಕೀಲಿ ವೃತ್ತಿ ನಡೆಸಿದವರು. ಹಿಂದೂಸ್ತಾನಿ ಸಂಗೀತಕ್ಕೆ ಪಠ್ಯಪುಸ್ತಕದ ರೂಪ ಕೊಟ್ಟವರೇ ಮೊದಲು ಬೇರೊಂದು ವಿದ್ಯೆಯ ಪದವೀಧರರಾಗಿದ್ದರು ಎಂಬುದು ಪಾಲಕರು ನೆನಪಿಡಬೇಕಾದ ಸಂಗತಿ.

ಮುಂದೆ ವಿಶ್ವವಿದ್ಯಾಲಯಗಳೂ ಬಾಗಿಲು ತೆರೆದವು. ಮದರಾಸು ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಸಂಗೀತ ವಿಭಾಗ ಮೊದಲಾಯಿತು, ಪ್ರೊ. ಪಿ. ಸಾಂಬಮೂರ್ತಿಯವರು ಕರ್ನಾಟಕ ಸಂಗೀತದ ಶಾಸ್ತ್ರಪಾಠಕ್ಕೆ ಭದ್ರವಾದ ಅಡಿಪಾಯ ಹಾಕಿದರು. 1956ರಲ್ಲಿ ಖೈರಾಗಢದಲ್ಲಿ ಸಂಗೀತ ಮತ್ತು ಲಲಿತಕಲೆಗಳಿಗಾಗಿಯೇ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಸಂಗೀತ ಮತ್ತು ಲಲಿತಕಲಾ ನಿಕಾಯವೂ ಮುಂಬಯಿ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಸಂಗೀತ ವಿಭಾಗವೂ ತಲೆಯೆತ್ತಿದವು. ಪುಣೆ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಆರಂಭವಾದ ಲಲಿತ ಕಲಾ ಕೇಂದ್ರವು ಗುರುಕುಲ ಪದ್ಧತಿಯನ್ನೂ ಪದವಿಯ ಚೌಕಟ್ಟನ್ನೂ ಕೂಡಿಸುವ ಪ್ರಯೋಗಕ್ಕೆ ಹೆಸರಾಗಿದೆ. ತಾಯ್ನಾಡಿಗೆ ಮರಳಿ ಓದಲು ಬಯಸುವವರಿಗೆ ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೇ ಇದೆ.

ವಿಶಾರದ, ವಿದ್ವತ್ ಮತ್ತು ಪದವಿ

ನಮ್ಮಲ್ಲಿ ಅತಿ ಹೆಚ್ಚಿನ ಗೊಂದಲ ಇರುವುದು ಇಲ್ಲಿಯೇ. ಮುಂಬಯಿ, ಪುಣೆಗಳ ನಮ್ಮ ಮಕ್ಕಳನೇಕರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿಗೆ ಕುಳಿತು ವಿಶಾರದದವರೆಗೆ ತಲುಪುತ್ತಾರೆ. ಕರ್ನಾಟಕ ಸಂಗೀತ ಕಲಿಯುವವರು ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಹಾದಿ ಹಿಡಿಯುತ್ತಾರೆ. ಇವು ಗೌರವಾನ್ವಿತ ಪರೀಕ್ಷೆಗಳು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ ಪ್ರಕಾರ ಪದವಿ ಎಂಬುದನ್ನು ನೀಡುವ ಅಧಿಕಾರ ಇರುವುದು ಕಾನೂನಿನಂತೆ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಮಾನಿತ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಹಾಗೆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಕೆಲವು ಕಡೆ ಕೆಲವು ಉದ್ದೇಶಗಳಿಗೆ ವಿಶಾರದವನ್ನು ಪದವಿಗೆ ಸಮಾನವೆಂದು ಪರಿಗಣಿಸುವುದುಂಟು. ಆ ಮಾನ್ಯತೆ ಎಲ್ಲೆಡೆಯೂ ದೊರೆಯುತ್ತದೆ ಎಂದು ನಂಬಿಕೊಂಡು ಕಾಲೇಜು ಬಿಡಿಸುವುದು ತರವಲ್ಲ. ಯಾವ ಸಂಸ್ಥೆಗೆ ಮುಂದೆ ಸೇರಬೇಕೆಂದಿದೆಯೋ ಆ ಸಂಸ್ಥೆಯಿಂದಲೇ ಲಿಖಿತ ಉತ್ತರ ಪಡೆಯುವುದು ಒಳಿತು.

ಮೂರು ವರ್ಷಗಳಲ್ಲಿ ಏನು ನಡೆಯುತ್ತದೆ?

ಪದವಿಯಲ್ಲಿ ಪ್ರಾಯೋಗಿಕ ಮತ್ತು ಶಾಸ್ತ್ರ ಎಂಬ ಎರಡು ಭಾಗಗಳಿರುತ್ತವೆ. ಹಿಂದೂಸ್ತಾನಿ ಗಾಯನದ ವಿದ್ಯಾರ್ಥಿ ಸಾಮಾನ್ಯವಾಗಿ ಯಮನ್, ಭೂಪ್, ಭೈರವದಂಥ ರಾಗಗಳಿಂದ ಹೊರಟು ವಿಲಂಬಿತ ಖಯಾಲಿನ ವಿಸ್ತಾರದತ್ತ ಸಾಗುತ್ತಾನೆ. ಕೈಯಲ್ಲಿ ತಾಳ ಹಿಡಿದು ಠೇಕಾವನ್ನು ಒಂದು, ಎರಡು, ಮೂರು, ನಾಲ್ಕು ಪಟ್ಟು ವೇಗದಲ್ಲಿ ಹೇಳಲು ಕಲಿಯುತ್ತಾನೆ. ಕರ್ನಾಟಕ ಸಂಗೀತದ ವಿದ್ಯಾರ್ಥಿನಿ ವರ್ಣ, ಕೃತಿಗಳಿಂದ ರಾಗಾಲಾಪನೆ, ಕಲ್ಪನಾಸ್ವರಗಳ ಕಡೆಗೆ ನಡೆಯುತ್ತಾಳೆ. ಪರೀಕ್ಷಕರ ಮುಂದೆ ಕಂಠಪಾಠವೊಂದೇ ಸಾಲದು. ಹತ್ತಿರದ ಎರಡು ರಾಗಗಳನ್ನು ಬೇರ್ಪಡಿಸುವ ಸ್ವರಸಂಚಾರ ಯಾವುದೆಂದು ಹಾಡಿ ತೋರಿಸಬೇಕಾಗುತ್ತದೆ.

ಶಾಸ್ತ್ರಭಾಗದಲ್ಲಿ ಭರತನ ನಾಟ್ಯಶಾಸ್ತ್ರ, ಮತಂಗನ ಬೃಹದ್ದೇಶಿ, ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ಶಾರ್ಙ್ಗದೇವ ರಚಿಸಿದ ಸಂಗೀತ ರತ್ನಾಕರ, ವೆಂಕಟಮಖಿಯ ಚತುರ್ದಂಡಿ ಪ್ರಕಾಶಿಕೆ ಮೊದಲಾದ ಗ್ರಂಥಗಳ ಪರಿಚಯವಾಗುತ್ತದೆ. ಇಲ್ಲಿ ನಮ್ಮ ಮಕ್ಕಳಿಗೆ ಒಬ್ಬ ಪೂರ್ವಜ ಎದುರಾಗುತ್ತಾನೆ. ಶಿವಗಂಗೆಯ ಸಮೀಪದ ಸಾತನೂರಿನವನಾದ ಪುಂಡರೀಕ ವಿಟ್ಠಲ ಹದಿನಾರನೆಯ ಶತಮಾನದಲ್ಲಿ ಉತ್ತರಕ್ಕೆ ಹೋಗಿ, ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ಸದ್ರಾಗಚಂದ್ರೋದಯವನ್ನು ಬರೆದ. ದಕ್ಷಿಣದ ಮೇಳಪದ್ಧತಿಯ ಅರಿವಿನಿಂದ ಉತ್ತರದ ರಾಗಗಳನ್ನು ವ್ಯವಸ್ಥೆಗೊಳಿಸಲು ಹೊರಟ ಈ ಪಂಡಿತನನ್ನು ಹೊರನಾಡ ಕನ್ನಡಿಗರ ಹಿರಿಯನೆಂದರೆ ತಪ್ಪಾಗಲಾರದು. 1904ರಲ್ಲಿ ಭಾತಖಂಡೆಯವರು ದಕ್ಷಿಣಕ್ಕೆ ಪ್ರವಾಸ ಬಂದು, ವೆಂಕಟಮಖಿಯ ಎಪ್ಪತ್ತೆರಡು ಮೇಳಗಳ ಯೋಜನೆಯನ್ನು ಅರಿತು, ಮುಂದೆ ಹತ್ತು ಥಾಟುಗಳ ಪದ್ಧತಿಯನ್ನು ರೂಪಿಸಿದ್ದೂ ಇದೇ ಕೊಡುಕೊಳೆಯ ಮುಂದುವರಿಕೆ. ಮನೆಯಲ್ಲಿ ದೇವರನಾಮ, ಹೊರಗೆ ಖಯಾಲು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಈ ಪಾಠ ಪುಸ್ತಕದ್ದಾಗಿ ಉಳಿಯದು, ತಮ್ಮದೇ ಕಥೆಯಾಗುತ್ತದೆ.

ಲೆಕ್ಕ ಹಾಕಿ ನೋಡೋಣ

ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ 120 ಕ್ರೆಡಿಟ್‌ಗಳು, ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್‌ಗಳು. ಮೂರು ವರ್ಷದ 120ರಲ್ಲಿ ಮುಖ್ಯ ವಿಷಯಕ್ಕೆ ಕನಿಷ್ಠ 60. ಅಂದರೆ ಈ ಚೌಕಟ್ಟನ್ನು ಅನುಸರಿಸುವ ಕಡೆ ಸಂಗೀತದ ಪದವಿಯಲ್ಲಿಯೂ ಸುಮಾರು ಅರ್ಧಭಾಗ ಭಾಷೆ, ಇತರ ವಿಷಯ, ಕೌಶಲ್ಯ ಇತ್ಯಾದಿಗಳಿಗೆ ಸಲ್ಲಬಹುದು. "ಸಂಗೀತ ಬಿಟ್ಟರೆ ಬೇರೇನೂ ಬಾರದೆ ಹೋದೀತು" ಎಂಬ ಪಾಲಕರ ಭಯಕ್ಕೂ "ದಿನವಿಡೀ ಹಾಡುತ್ತಲೇ ಇರಬಹುದು" ಎಂಬ ಮಕ್ಕಳ ಕನಸಿಗೂ ಇದು ಉತ್ತರ. ಕರ್ನಾಟಕ ಸರಕಾರವು 2024ರಲ್ಲಿ ಮೂರು ವರ್ಷದ ಪದವಿಗೇ ಮರಳಿದೆ. ಆದುದರಿಂದ ರಾಜ್ಯ ಬದಲಾದಂತೆ ನಿಯಮವೂ ಬದಲಾಗುತ್ತದೆಂಬುದನ್ನು ಗಮನಿಸಬೇಕು.

ಇದೇ ಚೌಕಟ್ಟಿನಲ್ಲಿ ಒಂದು ಪ್ರಾಯೋಗಿಕ ಕ್ರೆಡಿಟ್ ಎಂದರೆ ಹದಿನೈದು ವಾರಗಳ ಅವಧಿಯಲ್ಲಿ 30 ಗಂಟೆಗಳು. ವಾರಕ್ಕೆ ಎರಡು ಬಾರಿ, ತಲಾ ಒಂದು ಗಂಟೆ ಗುರುಗಳ ಮನೆಗೆ ಹೋಗುವ ಮಗುವಿಗೆ ಅದೇ ಅವಧಿಯಲ್ಲಿ ಸಿಗುವ ಪಾಠವೂ 30 ಗಂಟೆ. ನಾಲ್ಕು ಕ್ರೆಡಿಟ್‌ನ ಒಂದು ಪ್ರಾಯೋಗಿಕ ಪತ್ರಿಕೆಯೆಂದರೆ 120 ಗಂಟೆಗಳಾದವು. ಗುರುಗಳ ಮನೆಯ ಗಂಟೆ ಒಬ್ಬಳಿಗೇ ಮೀಸಲು, ತರಗತಿಯ ಗಂಟೆಯನ್ನು ಹತ್ತಾರು ಮಂದಿ ಹಂಚಿಕೊಳ್ಳುತ್ತಾರೆ ಎಂಬುದು ನಿಜ. ಆದರೂ ಶಾಲೆ, ಟ್ಯೂಷನ್, ಲೋಕಲ್ ರೈಲುಗಳ ನಡುವೆ ಉಳಿದ ಸಮಯದಲ್ಲಿ ಹಾಡುತ್ತಿದ್ದ ಮಗುವಿಗೆ ಸಂಗೀತವೇ ದಿನದ ಮುಖ್ಯ ಕೆಲಸವಾಗುವ ಮೂರು ವರ್ಷಗಳು ದೊರೆಯುತ್ತವೆ. ಪದವಿಯ ನಿಜವಾದ ಕೊಡುಗೆ ಇದು ಎಂದು ನಾವು ತಿಳಿದಿದ್ದೇವೆ.

ಅದು ಕೊಡಲಾರದ್ದು ಗುರುವನ್ನು. ಸುಳೇಭಾವಿಯ ಬಾಲಕ ಕುಮಾರ ಗಂಧರ್ವರು ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಬಳಿ ಬೆಳೆದುದಾಗಲಿ, ಗದುಗಿನಿಂದ ಗುರುವನ್ನರಸಿ ಮನೆ ಬಿಟ್ಟ ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಸನ್ನಿಧಿ ಸೇರಿದುದಾಗಲಿ ಯಾವ ಪ್ರವೇಶಪತ್ರಿಕೆಯಿಂದಲೂ ಆದದ್ದಲ್ಲ. ಆದುದರಿಂದ ಪದವಿಗೆ ಸೇರಿದೊಡನೆ ಹಳೆಯ ಗುರುಗಳ ಪಾಠವನ್ನು ನಿಲ್ಲಿಸಬಾರದು. ಅನೇಕ ಕಡೆ ಸೇರುವ ಮುನ್ನವೇ ಹಾಡಿ ಅಥವಾ ನುಡಿಸಿ ತೋರಿಸಬೇಕಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಂಗೀತ ಆನರ್ಸ್ ಪದವಿಗೆ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳ ಜೊತೆಗೆ ಗಾಯನ-ವಾದನದ ಪರೀಕ್ಷೆಯೂ ಇದೆ. ಬುನಾದಿ ಇಲ್ಲದವರಿಗೆ ಪದವಿಯು ಬುನಾದಿ ಹಾಕಿಕೊಡುವುದಿಲ್ಲ.

ಅನ್ನದ ಪ್ರಶ್ನೆ

ಸಂಗೀತ ಕಛೇರಿಗಳಿಂದಲೇ ಬದುಕುವವರು ಕೆಲವರೇ. ಇದನ್ನು ಮಕ್ಕಳಿಂದ ಮರೆಮಾಚಬಾರದು. ಪದವಿಪತ್ರವನ್ನು ನೋಡಿ ಯಾವ ಸಭೆಯೂ ಹಾಡಲು ಕರೆಯುವುದಿಲ್ಲ. ಆಕಾಶವಾಣಿಯ ಶ್ರೇಣಿಗಳೂ ಧ್ವನಿಪರೀಕ್ಷೆಯಿಂದಲೇ ನಿರ್ಧಾರವಾಗುತ್ತವೆ. ಆದರೆ ಬೋಧನೆಯ ಕ್ಷೇತ್ರದಲ್ಲಿ ಪದವಿಗೆ ಬೆಲೆಯಿದೆ. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ಸಂಗೀತ ಶಿಕ್ಷಕರ ಹುದ್ದೆಗೆ ಹನ್ನೆರಡನೆಯ ತರಗತಿಯಲ್ಲಿ ಶೇ. 50 ಅಂಕಗಳೂ ಸಂಗೀತದಲ್ಲಿ ಪದವಿ ಅಥವಾ ತತ್ಸಮಾನ ಅರ್ಹತೆಯೂ ಬೇಕು. ಕಾಲೇಜಿನಲ್ಲಿ ಬೋಧಿಸಲು ಸಾಮಾನ್ಯವಾಗಿ ಶೇ. 55 ಅಂಕಗಳೊಡನೆ ಸ್ನಾತಕೋತ್ತರ ಪದವಿ, ಮೇಲೆ ನೆಟ್ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು. ನೆಟ್ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದೊಳಗಿನ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ನೀಡುವ ಶಿಷ್ಯವೇತನವು ಗುರುಗಳ ಬಳಿ ಹೆಚ್ಚಿನ ಅಭ್ಯಾಸ ಮಾಡುವವರಿಗೆ ನೆರವಾಗುತ್ತದೆ.

ಎರಡು ದೋಣಿಯಲ್ಲಿ ಕಾಲಿಡಲು ಬಯಸುವವರಿಗೂ ಈಗ ದಾರಿಯಿದೆ. ವೇಳಾಪಟ್ಟಿಗಳು ಒಂದರ ಮೇಲೊಂದು ಬಾರದಿದ್ದರೆ ಏಕಕಾಲದಲ್ಲಿ ಎರಡು ಪದವಿ ಓದಲು ಅನುದಾನ ಆಯೋಗವು 2022ರ ಏಪ್ರಿಲಿನಲ್ಲಿ ಅವಕಾಶ ಕೊಟ್ಟಿತು. ಇದು ಕಾಗದದ ಮೇಲೆ ಸುಲಭ; ದಿನಕ್ಕೆ ಎರಡು ಗಂಟೆ ಸಾಧನೆಗೆ ಉಳಿಯುತ್ತದೆಯೇ ಎಂದು ಕೇಳಿಕೊಂಡ ಮೇಲೆಯೇ ಒಪ್ಪುವುದು ಲೇಸು.

ಸೇರಿಸುವ ಮುನ್ನ ವಿಚಾರಿಸಬೇಕಾದುವು

ಮೊದಲನೆಯದಾಗಿ, ಯಾವ ಪದ್ಧತಿ? ಮುಂಬಯಿ, ಪುಣೆಗಳಲ್ಲಿ ಹಿಂದೂಸ್ತಾನಿಗೂ ಚೆನ್ನೈಯಲ್ಲಿ ಕರ್ನಾಟಕ ಸಂಗೀತಕ್ಕೂ ಪ್ರಾಧಾನ್ಯ. ದೆಹಲಿ ವಿಶ್ವವಿದ್ಯಾಲಯದಲ್ಲಿ ಎರಡಕ್ಕೂ ಅವಕಾಶವಿದೆ. ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತ ಮಗುವನ್ನು ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಖಯಾಲಿನ ತರಗತಿಗೆ ಕಳುಹಿಸಿದರೆ ಅದು ಹೊಸದಾಗಿ ತೊದಲು ನುಡಿ ಕಲಿಯಬೇಕಾದೀತು. ಎರಡನೆಯದಾಗಿ, ಶಾಸ್ತ್ರಪತ್ರಿಕೆಗಳನ್ನು ಯಾವ ಭಾಷೆಯಲ್ಲಿ ಬೋಧಿಸುತ್ತಾರೆ, ಯಾವ ಭಾಷೆಯಲ್ಲಿ ಬರೆಯಬಹುದು? ಮೂರನೆಯದಾಗಿ, ಒಂದು ಪ್ರಾಯೋಗಿಕ ತಂಡದಲ್ಲಿ ಎಷ್ಟು ವಿದ್ಯಾರ್ಥಿಗಳು, ಬೋಧಕರಲ್ಲಿ ಕಾಯಂ ಆದವರೆಷ್ಟು, ತಬಲಾ ಅಥವಾ ಮೃದಂಗದ ಸಾಥಿ ತರಗತಿಯಲ್ಲಿ ಇರುತ್ತಾರೆಯೇ? ನಾಲ್ಕನೆಯದಾಗಿ, ಸಂಜೆ ಕಾಲೇಜಿನ ಕೋಣೆಗಳು ಸಾಧನೆಗೆ ತೆರೆದಿರುತ್ತವೆಯೇ? ಗೋಡೆಗೆ ಗೋಡೆ ತಾಗಿದ ಫ್ಲ್ಯಾಟುಗಳಲ್ಲಿ ವಾಸಿಸುವ ನಮಗೆ ಈ ಕೊನೆಯ ಪ್ರಶ್ನೆ ಚಿಕ್ಕದಲ್ಲ.

ಇವೆಲ್ಲಕ್ಕಿಂತ ಮೊದಲು ಮಗುವನ್ನೇ ಕೇಳಬೇಕಾದುದೊಂದಿದೆ: ಚಪ್ಪಾಳೆಯಿಲ್ಲದ ದಿನಗಳಲ್ಲಿಯೂ ಬೆಳಿಗ್ಗೆ ಎದ್ದು ತಂಬೂರಿಯ ಮುಂದೆ ಕೂರುವ ಆಸೆ ಇದೆಯೇ? ಉತ್ತರವನ್ನು ಮಾತಿನಲ್ಲಿ ಹುಡುಕದೆ, ಪರೀಕ್ಷೆ ಮುಗಿದ ರಜೆಯ ಎರಡು ತಿಂಗಳು ಸುಮ್ಮನೆ ಗಮನಿಸಿದರೆ ಸಾಕು. ಯಾರೂ ಹೇಳದೆ ಷಡ್ಜ ಹಿಡಿದು ಕುಳಿತ ಮಗುವಿಗೆ ನಾವು ಅಡ್ಡಿಯಾಗಬಾರದು. ಕುಳಿತುಕೊಳ್ಳದ ಮಗುವನ್ನು ನಮ್ಮ ಹಂಬಲಕ್ಕಾಗಿ ಕೂರಿಸಲೂಬಾರದು.

ಹಿರಿಯರು ಕೊಟ್ಟ ಸರಳೆ, ಜಂಟಿವರಸೆ, ದೇವರನಾಮ, ವಚನಗಳನ್ನು ಹೊರನಾಡಿನಲ್ಲಿಯೂ ಉಳಿಸಿಕೊಂಡು ಬಂದವರು ನಾವು. ಆ ವಿದ್ಯೆಯನ್ನು ಆಳವಾಗಿ ಓದಲು ಮನೆಯ ಮಗುವೊಂದು ಮುಂದೆ ಬಂದಾಗ, ಆ ಮಾತನ್ನು ದನಿ ತಗ್ಗಿಸದೆ ಆಡುವ ದಿನ ಬರಲಿ ಎಂದು ಹಾರೈಸುತ್ತೇವೆ.